ಬಿದ್ದದ್ದು ಯಾರು, ಬೀಳಿಸಿದ್ದು ಯಾರು

2008ರ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಒಂದು ಮೊಕದ್ದಮೆ ನಡೆಯುತ್ತಿತ್ತು. ತಕರಾರು ಒಂದು ಸ್ಟಿಕ್ಕರಿನದು. ವಿಂಡೋಸ್ ವಿಸ್ಟಾ ಇನ್ನೂ ಮಾರುಕಟ್ಟೆಗೆ ಬರುವ ಮೊದಲೇ, ಅಂಗಡಿಗಳಲ್ಲಿದ್ದ ಕಂಪ್ಯೂಟರುಗಳಿಗೆ 'ಇದರಲ್ಲಿ ವಿಸ್ಟಾ ಓಡುತ್ತದೆ' ಎಂಬರ್ಥದ ಚೀಟಿ ಅಂಟಿಸಲಾಗಿತ್ತು. ಕೊಂಡವರು ಮನೆಗೆ ತಂದು ನೋಡಿದರೆ, ಜಾಹೀರಾತಿನಲ್ಲಿ ಕಂಡ ಗಾಜಿನಂಥ ಕಿಟಕಿಗಳು ಅವುಗಳಲ್ಲಿ ಎಷ್ಟೋ ಯಂತ್ರಗಳಲ್ಲಿ ಮೂಡುತ್ತಲೇ ಇರಲಿಲ್ಲ. ವಿಚಾರಣೆಯ ನಡುವೆ ಕಂಪನಿಯೊಳಗಿನ 158 ಪುಟಗಳಷ್ಟು ಇಮೇಲ್‌ಗಳು ಬಹಿರಂಗವಾದವು. ಅವುಗಳ ಮಧ್ಯೆ ಸ್ಟಿಕ್ಕರಿಗೆ ನೇರ ಸಂಬಂಧವಿಲ್ಲದ ಒಂದು ಪಟ್ಟಿ ಸಿಕ್ಕಿತು. 2007ರಲ್ಲಿ ದಾಖಲಾದ ವಿಸ್ಟಾ ಕ್ರ್ಯಾಶ್‌ಗಳಲ್ಲಿ ಯಾರ ಪಾಲು ಎಷ್ಟು ಎಂಬ ಲೆಕ್ಕ ಅದು. ಎನ್‌ವಿಡಿಯಾ ಡ್ರೈವರುಗಳದು 4,79,326 ಕ್ರ್ಯಾಶ್, ಅಂದರೆ ಶೇ. 28.8. ಸ್ವತಃ ಮೈಕ್ರೋಸಾಫ್ಟ್‌ನದು ಶೇ. 17.9. ಕಾರಣ ಗೊತ್ತಾಗದವು ಶೇ. 17. ಎಟಿಐ ಶೇ. 9.3, ಇಂಟೆಲ್ ಶೇ. 8.8.

ಈ ಅಂಕಿಗಳನ್ನು ಹಿಡಿದು ಒಂದು ಕಂಪನಿಯನ್ನು ಬೈಯುವುದು ಸುಲಭ. ಆಗ ತುಂಬಾ ಜನ ಬೈದರು ಕೂಡ. ಆದರೆ ಆ ಕಂಪನಿಯ ಕಾರ್ಡುಗಳು ಎಷ್ಟು ಯಂತ್ರಗಳಲ್ಲಿದ್ದವು ಎಂದು ಹೇಳದೆ ಬರೀ ಕ್ರ್ಯಾಶ್‌ಗಳ ಎಣಿಕೆ ಕೊಟ್ಟರೆ ಅದರಿಂದ ತಿಳಿಯುವುದು ಅರ್ಧವೇ. ಮೇಲಾಗಿ ಎನ್‌ವಿಡಿಯಾ ಆ ದಿನಗಳಲ್ಲಿ ಮದರ್‌ಬೋರ್ಡಿನ ಚಿಪ್‌ಗಳನ್ನೂ ಮಾಡುತ್ತಿತ್ತು, ಇಂಟೆಲ್‌ನದು ನೆಟ್‌ವರ್ಕಿನಿಂದ ಹಿಡಿದು ಎಲ್ಲ ಬಗೆಯ ಡ್ರೈವರುಗಳೂ ಇದ್ದವು. ಹಾಗಾಗಿ ಈ ಎಲ್ಲ ಪಾಲನ್ನೂ ವಿಡಿಯೊ ಡ್ರೈವರಿನ ಖಾತೆಗೇ ಬರೆಯಲು ಬರುವುದಿಲ್ಲ. ನನಗೆ ಆ ಪಟ್ಟಿಯಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಜನ ಕಣ್ಣಾರೆ ಕಂಡದ್ದು ಆಟ ನಿಂತುಹೋದದ್ದನ್ನು, ಬ್ರೌಸರ್ ಮುಚ್ಚಿಕೊಂಡದ್ದನ್ನು, ಇಲ್ಲವೇ ಇಡೀ ವಿಂಡೋಸ್ ನೀಲಿ ಪರದೆ ತೋರಿಸಿ ಮಲಗಿದ್ದನ್ನು. ಪಟ್ಟಿಯಲ್ಲಿ ಮೇಲುಗಡೆ ಇದ್ದದ್ದು ಮಾತ್ರ ಅವರು ಯಾವತ್ತೂ ತೆರೆದು ನೋಡದ, ಡೆಸ್ಕ್‌ಟಾಪಿನಲ್ಲಿ ಒಂದು ಐಕಾನ್ ಕೂಡ ಇಲ್ಲದ ತಂತ್ರಾಂಶದ ಹೆಸರು.

ಡ್ರೈವರ್ ಎಂಬ ಕಂಪೈಲರ್

ವಿಡಿಯೊ ಡ್ರೈವರ್ ಎಂದರೆ ಪರದೆಗೂ ಕಂಪ್ಯೂಟರಿಗೂ ನಡುವಿನ ಯಾವುದೋ ಚಿಕ್ಕ ಕೊಂಡಿ ಎಂಬ ಕಲ್ಪನೆ ಹಲವರಲ್ಲಿದೆ. ಪ್ರಿಂಟರಿನ ಜೊತೆ ಸಿಡಿಯಲ್ಲಿ ಬರುತ್ತಿದ್ದ ಡ್ರೈವರುಗಳ ಕಾಲದಿಂದ ಉಳಿದ ಕಲ್ಪನೆ ಅದು. ಇವತ್ತು ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಡೌನ್‌ಲೋಡ್ ಮಾಡಲು ಹೋದರೆ ಅರ್ಧ ಜಿಬಿಗೂ ಹೆಚ್ಚು ಡೇಟಾ ಖರ್ಚಾಗುತ್ತದೆ. ಲಿನಕ್ಸ್ ಕರ್ನಲ್ಲಿನ ಮೂಲ ಕೋಡ್ ಯಾರು ಬೇಕಾದರೂ ಎಣಿಸಬಹುದಾದದ್ದು. 2020ರಲ್ಲಿ ಎಣಿಸಿದಾಗ ಅದರ ಸಾಲುಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಎಎಂಡಿಯ ಗ್ರಾಫಿಕ್ಸ್ ಡ್ರೈವರ್ ಒಂದರದೇ ಆಗಿತ್ತು. ಅದರಲ್ಲಿ ಬಹುಪಾಲು ಚಿಪ್ಪಿನೊಳಗಿನ ರಿಜಿಸ್ಟರುಗಳನ್ನು ವಿವರಿಸುವ, ಯಂತ್ರವೇ ಬರೆದುಕೊಟ್ಟ ಪಟ್ಟಿಗಳು ಎಂಬುದನ್ನೂ ಹೇಳಬೇಕು. ಆದರೂ ಹತ್ತನೇ ಒಂದು ಪಾಲು ಎಂದರೆ ಹುಡುಗಾಟವಲ್ಲ.

ಇಷ್ಟು ದೊಡ್ಡದಾಗಲು ಕಾರಣವಿದೆ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕಿಗಳು. ಸೆಕೆಂಡಿಗೆ 60 ಸಲ ಅವನ್ನು ಹೊಸದಾಗಿ ಬಿಡಿಸಬೇಕೆಂದರೆ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕಿ ಚುಕ್ಕಿಗಳ ಬಣ್ಣ ನಿರ್ಧಾರವಾಗಬೇಕು. ಪ್ರತಿ ಚುಕ್ಕಿಗೂ ಒಂದು ಪುಟ್ಟ ಪ್ರೋಗ್ರಾಮ್ ಓಡುತ್ತದೆ, ಅದಕ್ಕೆ ಶೇಡರ್ ಎನ್ನುತ್ತಾರೆ. ಆಟ ಬರೆದವರು ಶೇಡರನ್ನು ಡೈರೆಕ್ಟ್‌ಎಕ್ಸ್, ಓಪನ್‌ಜಿಎಲ್ ಅಥವಾ ವಲ್ಕನ್ ಎಂಬ ಎಲ್ಲರಿಗೂ ಒಪ್ಪಿತವಾದ ವ್ಯವಸ್ಥೆಯ ಭಾಷೆಯಲ್ಲಿ ಬರೆದುಕೊಡುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಜಿಪಿಯು ಚಿಪ್ಪಿಗೆ ಆ ಭಾಷೆ ಗೊತ್ತಿಲ್ಲ, ಪ್ರತಿ ತಲೆಮಾರಿನ ಚಿಪ್ಪಿಗೂ ಅದರದೇ ಯಂತ್ರಭಾಷೆ. ಆಟ ಓಡುತ್ತಿರುವಾಗಲೇ ಶೇಡರನ್ನು ಆ ಯಂತ್ರಭಾಷೆಗೆ ಬದಲಿಸಿ ಕೊಡುವುದು ಡ್ರೈವರಿನ ಕೆಲಸ. ಅಂದರೆ ಅದರ ಹೊಟ್ಟೆಯೊಳಗೆ ಒಂದು ಪೂರ್ಣ ಪ್ರಮಾಣದ ಕಂಪೈಲರ್ ಇದೆ. ಜೊತೆಗೆ ಕಾರ್ಡಿನ ಮೆಮೊರಿ ಹಂಚುವುದು, ಆಜ್ಞೆಗಳನ್ನು ಸಾಲಾಗಿ ಜೋಡಿಸುವುದು, ಫ್ಯಾನ್ ತಿರುಗಿಸುವುದು, ವಿಡಿಯೊ ಬಿಚ್ಚುವುದು, ಮಾನಿಟರ್ ಎಚ್ಚರವಾಗಿದೆಯೇ ನೋಡುವುದು, ಎಲ್ಲವೂ ಇದರದೇ ಪಾಲು.

ಈ ದೈತ್ಯ ಎಲ್ಲಿ ವಾಸಿಸಬೇಕು ಎಂಬ ಪ್ರಶ್ನೆಗೆ ಮೈಕ್ರೋಸಾಫ್ಟ್ ಕೊಟ್ಟ ಉತ್ತರ ಎರಡು ಸಲ ಬದಲಾಗಿದೆ. ವಿಂಡೋಸ್ ಪ್ರೊಸೆಸರಿನ ಎರಡು ದರ್ಜೆಯ ಅಧಿಕಾರಗಳನ್ನು ಬಳಸುತ್ತದೆ. ಸಾಮಾನ್ಯ ಪ್ರೋಗ್ರಾಮುಗಳು ಕೆಳ ದರ್ಜೆಯವು. ಒಂದು ಬಿದ್ದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಕರ್ನಲ್ ಮೇಲಿನ ದರ್ಜೆಯದು. ಅಲ್ಲಿ ಯಾರೇ ಎಡವಿದರೂ ಇಡೀ ಯಂತ್ರ ನಿಲ್ಲುತ್ತದೆ. 1993ರ ವಿಂಡೋಸ್ ಎನ್‌ಟಿಯಲ್ಲಿ ಗ್ರಾಫಿಕ್ಸ್ ವ್ಯವಸ್ಥೆ ಕೆಳ ದರ್ಜೆಯಲ್ಲಿತ್ತು. ಸುರಕ್ಷಿತ, ಆದರೆ ನಿಧಾನ. ಪ್ರತಿ ಗೆರೆ ಎಳೆಯಲೂ ದರ್ಜೆಯಿಂದ ದರ್ಜೆಗೆ ಹತ್ತಿ ಇಳಿಯಬೇಕಿತ್ತು. 1996ರಲ್ಲಿ ಎನ್‌ಟಿ 4.0 ಬಂದಾಗ ವೇಗಕ್ಕಾಗಿ ಅದನ್ನೂ ಡಿಸ್‌ಪ್ಲೇ ಡ್ರೈವರನ್ನೂ ಕರ್ನಲ್ಲಿನೊಳಗೆ ಸೇರಿಸಿಕೊಂಡರು. ವೇಗ ಬಂತು, ಜೊತೆಗೆ ನೀಲಿ ಪರದೆಯೂ ಬಂತು. ಎಕ್ಸ್‌ಪಿ ಬಳಸಿದವರಿಗೆ 'ಥ್ರೆಡ್ ಸ್ಟಕ್ ಇನ್ ಡಿವೈಸ್ ಡ್ರೈವರ್' ಎಂಬ ಸಾಲು ನೆನಪಿರಬಹುದು. ಡ್ರೈವರ್ ಯಾವುದೋ ಕೆಲಸ ಮುಗಿಯಲಿ ಎಂದು ಕಾಯುತ್ತ ಸುತ್ತುತ್ತಲೇ ಉಳಿದಿದೆ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ವಿಂಡೋಸ್ ಕೈಚೆಲ್ಲಿದ ಘೋಷಣೆ ಅದು.

ವಿಸ್ಟಾದಲ್ಲಿ ಡ್ರೈವರನ್ನು ಎರಡು ಹೋಳು ಮಾಡಿದರು. ಕಂಪೈಲರಿನಂಥ ಭಾರವಾದ, ತೊಡಕಿನ ಪಾಲು ಕರ್ನಲ್ಲಿನಿಂದ ಹೊರಗೆ ಬಂತು. ಹಾರ್ಡ್‌ವೇರಿಗೆ ಆಜ್ಞೆ ತಲುಪಿಸುವ ಪಾಲಷ್ಟೇ ಒಳಗುಳಿಯಿತು. ದೂರದೃಷ್ಟಿಯ ತೀರ್ಮಾನವೇ. ಆದರೆ ಅದರಿಂದ ಎಲ್ಲ ಕಂಪನಿಗಳೂ ತಮ್ಮ ಡ್ರೈವರುಗಳನ್ನು ಹೆಚ್ಚುಕಡಿಮೆ ಹೊಸದಾಗಿ ಬರೆಯಬೇಕಾಯಿತು. 2007ರ ಆ ಪಟ್ಟಿ ಹಾಗೆ ಬರೆದ ಹಸಿ ಕೋಡಿನ ಮೊದಲ ವರ್ಷದ ಫಸಲು.

ಹೊರಗೆ ಬಂದ ಪಾಲು ಎಲ್ಲಿ ಹೋಗಿ ಕೂತಿತು? ನಿಮ್ಮ ಪ್ರೋಗ್ರಾಮಿನ ಒಳಗೇ. ಫೋಟೋಶಾಪ್ ತೆರೆದಾಗ, ಆಟ ಶುರುಮಾಡಿದಾಗ, ಡ್ರೈವರಿನ ಒಂದು ಡಿಎಲ್‌ಎಲ್ ಕಡತ ಆ ಪ್ರೋಗ್ರಾಮಿನ ಮೆಮೊರಿಗೇ ಬಂದು ಸೇರಿಕೊಂಡು ಅದರ ಹೆಸರಿನಲ್ಲೇ ಕೆಲಸ ಮಾಡುತ್ತದೆ. ಮದುವೆಗೆಂದು ಕರೆಸಿದ ಅಡುಗೆ ಭಟ್ಟರು ನಿಮ್ಮ ಹಿತ್ತಲಲ್ಲೇ ಒಲೆ ಹೂಡಿದ ಹಾಗೆ. ಬೆಂಕಿ ಹತ್ತಿಕೊಂಡರೆ ಸುಡುವುದು ನಿಮ್ಮ ಮನೆ, ಅಗ್ನಿಶಾಮಕದವರ ಪುಸ್ತಕದಲ್ಲಿ ಬೀಳುವುದು ನಿಮ್ಮ ವಿಳಾಸ.

ಎರಡು ಸೆಕೆಂಡಿನ ಗಡುವು

ಕೆಲಸ ಮಾಡುತ್ತಿರುವಾಗ ಪರದೆ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ, ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಬರುತ್ತದೆ. ಡಿಸ್‌ಪ್ಲೇ ಡ್ರೈವರ್ ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಸಂದೇಶ ಮೂಲೆಯಲ್ಲಿ ಮಿನುಗುತ್ತದೆ. ಇದರ ಹಿಂದಿರುವ ಏರ್ಪಾಟಿಗೆ ಟಿಡಿಆರ್ ಎಂದು ಹೆಸರು. ವಿಸ್ಟಾದೊಂದಿಗೇ ಬಂದದ್ದು. ವಿಂಡೋಸ್ ಜಿಪಿಯುಗೆ ಒಂದು ಕೆಲಸ ಕೊಟ್ಟು ಗಡಿಯಾರ ನೋಡುತ್ತದೆ. ಎರಡು ಸೆಕೆಂಡಿನೊಳಗೆ ಜಿಪಿಯು ಕೆಲಸ ಮುಗಿಸಬೇಕು ಅಥವಾ ಇನ್ನೊಂದಕ್ಕೆ ಎಡೆ ಬಿಡಬೇಕು. ಎರಡೂ ಆಗದಿದ್ದರೆ ಕಾರ್ಡ್ ಹ್ಯಾಂಗ್ ಆಗಿದೆ ಎಂದು ತೀರ್ಮಾನಿಸಿ ಅದನ್ನು ರೀಸೆಟ್ ಮಾಡುತ್ತದೆ.

ಎರಡೇ ಸೆಕೆಂಡು ಏಕೆ? ಈ ಸಂಖ್ಯೆ ಯಾವ ಸಮೀಕರಣದಿಂದಲೂ ಹುಟ್ಟಿದ್ದಲ್ಲ. ಒಂದು ಪ್ರೋಗ್ರಾಮ್ ಎಂದಾದರೂ ಮುಗಿಯುತ್ತದೆಯೋ, ಸುತ್ತುತ್ತಲೇ ಇರುತ್ತದೆಯೋ ಎಂಬುದನ್ನು ಎಲ್ಲ ಪ್ರೋಗ್ರಾಮುಗಳಿಗೂ ಅನ್ವಯಿಸುವಂತೆ ಮೊದಲೇ ಹೇಳಬಲ್ಲ ವಿಧಾನ ಇರುವುದು ಸಾಧ್ಯವೇ ಇಲ್ಲ ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ಸಾಧಿಸಿ ತೋರಿಸಿದ್ದಾನೆ. ಹಾಗಾಗಿ ವಿಂಡೋಸ್ ಮಾಡಬಹುದಾದದ್ದು ಇಷ್ಟೇ: ಮನುಷ್ಯನ ತಾಳ್ಮೆಗೆ ಹೊಂದುವ ಒಂದು ಗಡುವು ಹಾಕಿಕೊಳ್ಳುವುದು. ಅದರ ಅಡ್ಡಪರಿಣಾಮವೂ ಇದೆ. ಬ್ಲೆಂಡರಿನಲ್ಲಿ ದೊಡ್ಡ ದೃಶ್ಯವೊಂದನ್ನು ರೆಂಡರ್ ಮಾಡುವವರಿಗೆ, ಜಿಪಿಯು ಮೇಲೆ ಲೆಕ್ಕ ಹಾಕಿಸುವ ಸಂಶೋಧಕರಿಗೆ, ಯಾವ ದೋಷವೂ ಇಲ್ಲದ ಕೆಲಸವೇ ಎರಡು ಸೆಕೆಂಡು ಮೀರಬಹುದು. ಆಗ ನಿರಪರಾಧಿಗೆ ಶಿಕ್ಷೆ. ರಿಜಿಸ್ಟ್ರಿಯಲ್ಲಿ ಟಿಡಿಆರ್‌ಡಿಲೇ ಎಂಬ ಬೆಲೆಯನ್ನು ಏರಿಸಿ ಗಡುವು ಹಿಗ್ಗಿಸಬಹುದು. ಮಾಮೂಲಿ ಬಳಕೆದಾರರಿಗೆ ನಾನು ಅದನ್ನು ಹೇಳುವುದಿಲ್ಲ. ನಿಜವಾಗಿಯೂ ಹ್ಯಾಂಗ್ ಆಗುವ ಕಾರ್ಡಿನ ಮುಂದೆ ಇನ್ನಷ್ಟು ಹೊತ್ತು ಕಾಯುವುದಷ್ಟೇ ಅದರಿಂದ ಆಗುವ ಲಾಭ.

ರೀಸೆಟ್ ಆದ ಮೇಲೆ ಏನಾಗುತ್ತದೆ ಎಂಬಲ್ಲಿ ಜವಾಬ್ದಾರಿ ಹಂಚಿಹೋಗುತ್ತದೆ. ಕಾರ್ಡಿನ ಮೆಮೊರಿಯಲ್ಲಿದ್ದ ಚಿತ್ರಗಳೆಲ್ಲ ಅಳಿಸಿಹೋಗಿರುತ್ತವೆ. ವಿಂಡೋಸ್ ಪ್ರೋಗ್ರಾಮಿಗೆ 'ನಿನ್ನ ಸಾಧನ ಈಗಿಲ್ಲ' ಎಂದು ತಿಳಿಸುತ್ತದೆ. ಅಚ್ಚುಕಟ್ಟಾಗಿ ಬರೆದ ಪ್ರೋಗ್ರಾಮ್ ಅದನ್ನು ಕೇಳಿಸಿಕೊಂಡು ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಂಥ ಮಾತು ಬರಬಹುದೆಂದು ಊಹಿಸಿಯೇ ಇಲ್ಲದ ಪ್ರೋಗ್ರಾಮ್ ಕಣ್ಮುಚ್ಚಿ ಮುಂದೆ ಹೆಜ್ಜೆ ಇಟ್ಟು ಬೀಳುತ್ತದೆ. ಅಲ್ಲಿಗೆ ಹ್ಯಾಂಗ್ ಡ್ರೈವರಿನ ತಪ್ಪು, ಬಿದ್ದದ್ದು ಪ್ರೋಗ್ರಾಮಿನ ತಪ್ಪು. ಒಂದೇ ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ಹೀಗಾದರೆ ವಿಂಡೋಸ್ ಚೇತರಿಕೆಯ ಪ್ರಯತ್ನವನ್ನೇ ಬಿಟ್ಟು ನೀಲಿ ಪರದೆ ತೋರಿಸುತ್ತದೆ. ಅದರಲ್ಲಿ 'ವಿಡಿಯೊ ಟಿಡಿಆರ್ ಫೇಲ್ಯೂರ್' ಅಥವಾ 116 ಎಂಬ ಸಂಖ್ಯೆ ಕಂಡರೆ ವಿಷಯ ಇದೇ ಎಂದು ತಿಳಿಯಿರಿ.

ಪರದೆ ನಿಂತೇ ಹೋದರೆ ಪವರ್ ಬಟನ್ನಿಗೆ ಕೈ ಹಾಕುವ ಮುನ್ನ ಕ್ಯಾಪ್ಸ್‌ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ, ಹಿನ್ನೆಲೆಯಲ್ಲಿ ಹಾಡು ಕೇಳುತ್ತಲೇ ಇದ್ದರೆ, ಕಂಪ್ಯೂಟರ್ ಬದುಕಿದೆ, ಚಿತ್ರ ಮಾತ್ರ ನಿಂತಿದೆ. ವಿಂಡೋಸ್ 10 ಮತ್ತು ಅದರ ನಂತರದವುಗಳಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಆರಂಭವಾಗುತ್ತದೆ. ಒಂದು ಬೀಪ್, ಪರದೆ ಒಮ್ಮೆ ಕಣ್ಣು ಮಿಟುಕಿಸಿದಂತಾಗಿ ಕೆಲವೊಮ್ಮೆ ಎಲ್ಲವೂ ಸರಿಹೋಗುತ್ತದೆ. ಉಳಿಸದ ಫೈಲು ಇದ್ದವರಿಗೆ ಈ ನಾಲ್ಕು ಕೀಲಿಗಳ ಬೆಲೆ ದೊಡ್ಡದು.

ದಾಖಲೆಯಲ್ಲಿ ಸಿಗುವ ಹೆಸರು

ಕ್ರ್ಯಾಶ್ ಆದ ಪ್ರತಿಯೊಂದು ಪ್ರೋಗ್ರಾಮಿನ ಬಗ್ಗೆಯೂ ವಿಂಡೋಸ್ ಒಂದು ಪಂಚನಾಮೆ ಬರೆದಿಡುತ್ತದೆ. ಬಹಳ ಜನ ಅದನ್ನು ತೆರೆದು ನೋಡುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಎಂದು ಹುಡುಕಿದರೆ ರಿಲಯಬಿಲಿಟಿ ಹಿಸ್ಟರಿ ಎಂಬ ಪುಟ ಸಿಗುತ್ತದೆ. ದಿನಕ್ಕೊಂದು ಕಂಬಸಾಲು. ಕ್ರ್ಯಾಶ್ ಆದ ದಿನ ಕೆಂಪು ಗುರುತು. ಏನನ್ನಾದರೂ ಸ್ಥಾಪಿಸಿದ ಅಥವಾ ಅಪ್‌ಡೇಟ್ ಆದ ದಿನ ನೀಲಿ ಗುರುತು. ಕೆಂಪು ಗುರುತುಗಳು ಯಾವ ನೀಲಿ ಗುರುತಿನ ನಂತರ ಶುರುವಾದವು ಎಂದು ನೋಡುವುದೇ ಅರ್ಧ ತನಿಖೆ. 'ನಾನು ಏನನ್ನೂ ಬದಲಿಸಿಲ್ಲ' ಎನ್ನುವವರ ಯಂತ್ರದಲ್ಲೂ ವಿಂಡೋಸ್ ಅಪ್‌ಡೇಟ್ ರಾತ್ರೋರಾತ್ರಿ ಡ್ರೈವರ್ ಬದಲಿಸಿರುವುದು ಅಲ್ಲಿ ಕಾಣುತ್ತದೆ.

ಕೆಂಪು ಗುರುತಿನ ಮೇಲೆ ಒತ್ತಿದರೆ ವಿವರ. ಒಂದು ಮಾದರಿ ತೆಗೆದುಕೊಳ್ಳೋಣ. 'ಫಾಲ್ಟಿಂಗ್ ಅಪ್ಲಿಕೇಶನ್ ನೇಮ್' ಎಂಬಲ್ಲಿ ಫೋಟೋಶಾಪ್ ಎಂದಿದೆ. ಮುಂದಿನ ಸಾಲು 'ಫಾಲ್ಟಿಂಗ್ ಮಾಡ್ಯೂಲ್ ನೇಮ್'. ಅಲ್ಲಿ ಎನ್-ವಿ-ಒ-ಜಿ-ಎಲ್-ವಿ-64 ಎಂಬ ಡಿಎಲ್‌ಎಲ್ ಹೆಸರಿದೆ. 'ಎಕ್ಸೆಪ್ಶನ್ ಕೋಡ್' ಎಂಬಲ್ಲಿ ಸಿ0000005. ಈ ಮೂರು ಸಾಲು ಸಾಕು. ಮೊದಲನೆಯದು ಸುಟ್ಟ ಮನೆಯ ವಿಳಾಸ. ಎರಡನೆಯದು ಆ ಗಳಿಗೆಯಲ್ಲಿ ಯಾರ ಕೋಡ್ ಓಡುತ್ತಿತ್ತು ಎಂಬುದು. ಎನ್‌ವಿ ಎಂದರೆ ಎನ್‌ವಿಡಿಯಾ, ಒಜಿಎಲ್ ಎಂದರೆ ಓಪನ್‌ಜಿಎಲ್. ಎಎಂಡಿಯದಾದರೆ ಎ-ಟಿ-ಐ ಅಥವಾ ಎ-ಎಂ-ಡಿ ಎಂದು, ಇಂಟೆಲ್‌ನದಾದರೆ ಸಾಮಾನ್ಯವಾಗಿ ಐ-ಜಿ ಎಂದು ಶುರುವಾಗುತ್ತದೆ. ಜಾವಾದಲ್ಲಿ ಬರೆದ ಮೈನ್‌ಕ್ರಾಫ್ಟ್ ಆಡುವ ಮಕ್ಕಳಿರುವ ಮನೆಗಳಲ್ಲಿ ಇದೇ ಹೆಸರುಗಳು ಬೇರೊಂದು ಕಡತದಲ್ಲಿ, 'ಪ್ರಾಬ್ಲಮ್ಯಾಟಿಕ್ ಫ್ರೇಮ್' ಎಂಬ ಸಾಲಿನ ಕೆಳಗೆ ಸಿಗುತ್ತವೆ.

ಮೂರನೆಯ ಸಾಲಿನ ಸಿ0000005 ಎಂದರೆ ತನ್ನದಲ್ಲದ ಮೆಮೊರಿ ವಿಳಾಸಕ್ಕೆ ಕೈ ಹಾಕಿದ್ದು. ಹಾಗೆ ಕೈ ಹಾಕಿದವರನ್ನು ವಿಂಡೋಸ್ ತಕ್ಷಣ ಹೊರಗಟ್ಟುತ್ತದೆ. ನಾವು ಕ್ರ್ಯಾಶ್ ಎಂದು ಶಪಿಸುವುದು ಹೆಚ್ಚಾಗಿ ಈ ರಕ್ಷಣಾ ಕ್ರಮವನ್ನೇ. ಬಿಟ್ಟಿದ್ದರೆ ಪ್ರೋಗ್ರಾಮ್ ಇನ್ನಷ್ಟು ಹೊತ್ತು ಓಡಿ ನಿಮ್ಮ ಫೈಲನ್ನೇ ಕೆಡಿಸುತ್ತಿತ್ತು.

ಇಲ್ಲಿ ಅವಸರದ ತೀರ್ಪು ಕೂಡದು. ಡ್ರೈವರಿನ ಹೆಸರು ಸಿಕ್ಕಿತು ಎಂದ ಮಾತ್ರಕ್ಕೆ ಅಪರಾಧಿ ಅದೇ ಎಂದಾಗುವುದಿಲ್ಲ. ಪ್ರೋಗ್ರಾಮ್ ಡ್ರೈವರಿಗೆ 'ಈ ವಿಳಾಸದಲ್ಲಿ ಚಿತ್ರವಿದೆ, ತೆಗೆದುಕೋ' ಎಂದು ತಪ್ಪು ವಿಳಾಸ ಕೊಟ್ಟಿದ್ದರೆ, ಅಲ್ಲಿಗೆ ಹೋಗಿ ಎಡವುವುದು ಡ್ರೈವರ್. ತದ್ವಿರುದ್ಧವೂ ಉಂಟು. ಡ್ರೈವರ್ ಎಲ್ಲೋ ಮೆಮೊರಿಯನ್ನು ಕೆಡಿಸಿ ತಣ್ಣಗೆ ಮುಂದೆ ಹೋಗಿರುತ್ತದೆ, ಹತ್ತು ನಿಮಿಷದ ಮೇಲೆ ವಿಂಡೋಸ್‌ನದೇ ಎನ್‌ಟಿಡಿಎಲ್‌ಎಲ್ ಎಂಬ ಕಡತ ಆ ಮೆಮೊರಿಯನ್ನು ಮುಟ್ಟಿ ದೋಷ ಪತ್ತೆ ಹಚ್ಚುತ್ತದೆ. ಆಗ ಪಂಚನಾಮೆಯಲ್ಲಿ ಬೀಳುವುದು ಹೆಣ ಕಂಡವನ ಹೆಸರು. ಎಕ್ಸೆಪ್ಶನ್ ಕೋಡ್ ಸಿ0000374 ಎಂದಿದ್ದರೆ ಇದೇ ಪ್ರಸಂಗ ಎಂದು ಅನುಮಾನಿಸಬಹುದು.

ಆದ್ದರಿಂದ ದಾಖಲೆ ಅನುಮಾನ ಹುಟ್ಟಿಸಲು ಸಾಕು, ಸಾಬೀತಿಗೆ ಪ್ರಯೋಗವೇ ಆಗಬೇಕು.

ಬದಲಿಸಿ ನೋಡುವುದು

ಪ್ರಯೋಗದ ನಿಯಮ ಹಳೆಯದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಮ್ಮ ಊರುಗಳ ಸರ್ವೀಸ್ ಅಂಗಡಿಗಳಲ್ಲಿ 'ಫಾರ್ಮ್ಯಾಟ್ ಮಾಡಿಬಿಡೋಣ ಸಾರ್' ಎನ್ನುವುದು ಇದಕ್ಕೆ ತೀರಾ ವಿರುದ್ಧ. ಫಾರ್ಮ್ಯಾಟ್ ಮಾಡಿದಾಗ ಎಲ್ಲವೂ ಒಟ್ಟಿಗೆ ಬದಲಾಗುತ್ತದೆ. ಕೆಲವು ದಿನ ಎಲ್ಲ ಸರಿಯಿದ್ದು, ವಿಂಡೋಸ್ ಅಪ್‌ಡೇಟ್ ಅದೇ ಹಾಳು ಡ್ರೈವರನ್ನು ಮತ್ತೆ ತಂದು ಕೂರಿಸಿದ ಮೇಲೆ ರೋಗ ಮರಳುತ್ತದೆ. ಗಿರಾಕಿಗೆ ಡೇಟಾವೂ ಹೋಯಿತು, ಕಾರಣವೂ ತಿಳಿಯಲಿಲ್ಲ.

ಮೊದಲ ಪರೀಕ್ಷೆ ಜಿಪಿಯುವನ್ನು ಕೆಲಸದಿಂದ ಬಿಡಿಸುವುದು. ಚಿತ್ರ ಬಿಡಿಸುವ ಕೆಲಸವನ್ನು ಮುಖ್ಯ ಪ್ರೊಸೆಸರೇ ನಿಧಾನವಾಗಿ ಮಾಡಿಕೊಳ್ಳಬಲ್ಲದು. ಬಹುತೇಕ ತಂತ್ರಾಂಶಗಳಲ್ಲಿ ಅದಕ್ಕೊಂದು ಗುಂಡಿ ಇಟ್ಟಿರುತ್ತಾರೆ. ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್ ಒಳಗಿನ ಪರ್ಫಾರ್ಮೆನ್ಸ್ ಪುಟದಲ್ಲಿ 'ಯೂಸ್ ಗ್ರಾಫಿಕ್ಸ್ ಪ್ರೊಸೆಸರ್'. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಕೆಳಗೆ ಗ್ರಾಫಿಕ್ಸ್ ಆಕ್ಸಿಲರೇಶನ್. 2020ರ ನಂತರದ ಲಿಬ್ರೆಆಫೀಸ್‌ನಲ್ಲಿ 'ಫೋರ್ಸ್ ಸ್ಕಿಯಾ ಸಾಫ್ಟ್‌ವೇರ್ ರೆಂಡರಿಂಗ್'. ಮೊದಲೆರಡನ್ನು ಆಫ್, ಕೊನೆಯದನ್ನು ಆನ್ ಮಾಡಿದ ಮೇಲೆ ಕ್ರ್ಯಾಶ್ ನಿಂತರೆ ಸಂಶಯದ ವೃತ್ತ ಮೂರಕ್ಕೆ ಇಳಿಯುತ್ತದೆ: ಡ್ರೈವರ್, ಕಾರ್ಡ್, ಇಲ್ಲವೇ ಆ ಪ್ರೋಗ್ರಾಮಿನಲ್ಲಿ ಜಿಪಿಯು ಬಳಸುವ ಭಾಗ. ನಿಲ್ಲದಿದ್ದರೆ ಡ್ರೈವರಿನ ಬೆನ್ನು ಬಿಡಿ. ದೋಷ ಪ್ಲಗ್‌ಇನ್‌ನಲ್ಲಿರಬಹುದು, ಫಾಂಟಿನಲ್ಲಿರಬಹುದು, ರ್‍ಯಾಮ್‌ನಲ್ಲಿರಬಹುದು.

ಮೂವರಲ್ಲಿ ಒಬ್ಬರನ್ನು ಬೇರ್ಪಡಿಸಲು ಡ್ರೈವರ್ ಆವೃತ್ತಿ ಬದಲಿಸಬೇಕು. ಹೊಸದಕ್ಕೇ ಹೋಗಬೇಕೆಂದಿಲ್ಲ. 'ಅಪ್‌ಡೇಟ್ ಮಾಡಿ ನೋಡಿ' ಎಂಬ ಸಲಹೆ ಕಣ್ಣುಮುಚ್ಚಿ ಹೇಳುವಂಥದ್ದು. ಕಾಯಿಲೆ ಬಂದದ್ದೇ ಅಪ್‌ಡೇಟ್‌ನಿಂದ ಆಗಿದ್ದರೆ ಹಿಂದಿನದಕ್ಕೆ ಮರಳುವುದೇ ಮದ್ದು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು ಕಾರ್ಡಿನ ಪ್ರಾಪರ್ಟೀಸ್‌ಗೆ ಹೋದರೆ 'ರೋಲ್ ಬ್ಯಾಕ್ ಡ್ರೈವರ್' ಗುಂಡಿ ಇದೆ. ಲ್ಯಾಪ್‌ಟಾಪ್ ಇದ್ದವರು ಚಿಪ್ ಕಂಪನಿಯ ಡ್ರೈವರಿಗಿಂತ ಮೊದಲು ಲ್ಯಾಪ್‌ಟಾಪ್ ತಯಾರಕರು ಕೊಡುವುದನ್ನು ಪರೀಕ್ಷಿಸುವುದು ಒಳ್ಳೆಯದು. ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಜಿಪಿಯು ಇರುವ ಯಂತ್ರದಲ್ಲಿ ಯಾವ ಪ್ರೋಗ್ರಾಮ್ ಯಾವುದನ್ನು ಬಳಸಬೇಕೆಂದು ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಆರಿಸಬಹುದು. ಒಂದೇ ಯಂತ್ರದಲ್ಲಿ ಎರಡು ಬೇರೆ ಡ್ರೈವರುಗಳನ್ನು ಹೋಲಿಸುವ ಇಂಥ ಅವಕಾಶ ಡೆಸ್ಕ್‌ಟಾಪ್ ಉಳ್ಳವರಿಗೆ ಅಷ್ಟಾಗಿ ಸಿಗುವುದಿಲ್ಲ.

ಡ್ರೈವರನ್ನು ಪೂರ್ತಿ ತೆಗೆದರೂ ಪರದೆ ಕಪ್ಪಾಗುವುದಿಲ್ಲ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ಬಡ ಡ್ರೈವರ್ ಕೆಲಸಕ್ಕೆ ಬರುತ್ತದೆ. ಆ ಸ್ಥಿತಿಯಲ್ಲಿ ಕೆಲವು ಪ್ರೋಗ್ರಾಮುಗಳು 'ನಿಮ್ಮ ಓಪನ್‌ಜಿಎಲ್ ತೀರಾ ಹಳೆಯದು' ಎಂದು ಗೊಣಗುತ್ತವೆ. ವಿಂಡೋಸ್ ತನ್ನ ಸ್ವಂತದ್ದೆಂದು ಇಟ್ಟುಕೊಂಡಿರುವ ಓಪನ್‌ಜಿಎಲ್ 1.1 ಆವೃತ್ತಿಯದು, ತೊಂಬತ್ತರ ದಶಕದ ಸರಕು. ಕಾರ್ಡು ಕೆಟ್ಟಿದೆ ಎಂದು ಅದರಿಂದ ತಿಳಿಯಬೇಕಿಲ್ಲ.

ಕಾರ್ಡೇ ಕೆಟ್ಟಿದೆಯೇ ಎಂದು ತಿಳಿಯಲು ಒಂದು ಸರಳ ಕ್ರಮವಿದೆ. ಯಂತ್ರ ಹೊತ್ತಿಸಿದ ಕೂಡಲೇ ಬಯಾಸ್ ಪರದೆಗೆ ಹೋಗಿ. ಆಗಿನ್ನೂ ವಿಂಡೋಸ್ ಇಲ್ಲ, ಅದರ ಡ್ರೈವರ್ ಇಲ್ಲ. ಅಲ್ಲಿಯೂ ಬಣ್ಣದ ಚೌಕಗಳು, ಹರಿದ ಗೆರೆಗಳು ಕಂಡರೆ ಡ್ರೈವರ್ ನಿರ್ದೋಷಿ. ಕಾರ್ಡ್, ಕೇಬಲ್, ಮಾನಿಟರುಗಳತ್ತ ನೋಡಿ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ದುರ್ಬಲ ಪ್ಯಾಕೇಜಿಂಗ್ ಸಾಮಗ್ರಿಯಿಂದಾಗಿ ಕೆಡುತ್ತಿವೆ ಎಂದು ಒಪ್ಪಿಕೊಂಡು, ಅದಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಅಂಥ ಚಿಪ್ಪಿಗೆ ಎಷ್ಟು ಡ್ರೈವರ್ ಬದಲಿಸಿದರೂ ಕಲ್ಲಿಗೆ ನೀರೆರೆದಂತೆ. ಇದರ ಉಲ್ಟಾ ಪ್ರಸಂಗ 2010ರ ಮಾರ್ಚಿನದು. ಅದೇ ಕಂಪನಿಯ 196.75 ಎಂಬ ಡ್ರೈವರಿನಲ್ಲಿ ಫ್ಯಾನ್ ನಿಯಂತ್ರಣದ ದೋಷವಿತ್ತು. ಆಟದ ಬಿಸಿಯಲ್ಲಿ ಫ್ಯಾನು ಬೇಕಾದಷ್ಟು ತಿರುಗದೆ ಕಾರ್ಡುಗಳು ಕಾದವು, ಕೆಲವು ಸುಟ್ಟವೆಂಬ ದೂರುಗಳು ಬಂದವು. ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಸಾಫ್ಟ್‌ವೇರ್ ದೋಷ ಹಾರ್ಡ್‌ವೇರನ್ನು ತಿಂದ ಉದಾಹರಣೆಗಳಲ್ಲಿ ಇದಕ್ಕೆ ಮೇಲಿನ ಸ್ಥಾನವಿದೆ.

ಒಂದೇ ಒಂದು ಆಟ ಮಾತ್ರ ಬೀಳುತ್ತಿದೆ, ಉಳಿದದ್ದೆಲ್ಲ ಸರಿ ಎಂಬವರಿಗೆ ಒಂದು ವಿಚಿತ್ರ ಪರೀಕ್ಷೆ: ಆಟದ ಇಎಕ್ಸ್‌ಇ ಕಡತದ ಹೆಸರು ಬದಲಿಸಿ ಓಡಿಸಿ ನೋಡಿ. ನಗಬೇಡಿ. ಡ್ರೈವರುಗಳು ಪ್ರೋಗ್ರಾಮಿನ ಹೆಸರು ನೋಡಿ ನಡತೆ ಬದಲಿಸುತ್ತವೆ. 2001ರ ಅಕ್ಟೋಬರಿನಲ್ಲಿ ಇದು ಬಯಲಾದ ಪ್ರಸಂಗ ಪ್ರಸಿದ್ಧ. ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡನ್ನು ಪರೀಕ್ಷಿಸುತ್ತಿದ್ದವರು ಕ್ವೇಕ್ 3 ಆಟದ ಕಡತದಲ್ಲಿದ್ದ 'ಕ್ವೇಕ್' ಎಂಬ ಪದವನ್ನು 'ಕ್ವ್ಯಾಕ್' ಎಂದು ಬದಲಿಸಿದರು. ಕೂಡಲೇ ವೇಗ ಇಳಿಯಿತು, ಚಿತ್ರದ ಗುಣಮಟ್ಟ ಏರಿತು. ಕ್ವೇಕ್ ಎಂಬ ಹೆಸರು ಕಂಡಾಗ ಮಾತ್ರ ಡ್ರೈವರ್ ಚಿತ್ರದಲ್ಲಿ ಕಳ್ಳಲೆಕ್ಕ ಮಾಡಿ ವೇಗ ಗಳಿಸುತ್ತಿತ್ತು. ಇವತ್ತಿನ ಡ್ರೈವರುಗಳಲ್ಲಿ ಇಂಥ ವಿಶೇಷ ಏರ್ಪಾಟುಗಳು ಬಹಿರಂಗವಾಗಿಯೇ ಇವೆ, ಅವಕ್ಕೆ ಪ್ರೊಫೈಲ್ ಎಂಬ ಮರ್ಯಾದಸ್ಥ ಹೆಸರು ಬಂದಿದೆ. ಒಂದು ಆಟದ ದೋಷವನ್ನು ಆಟ ಬರೆದವರು ತಿದ್ದುವ ಬದಲು ಡ್ರೈವರ್ ಬರೆದವರು ತಮ್ಮಲ್ಲೇ ತೇಪೆ ಹಾಕುತ್ತಾರೆ. ಡ್ರೈವರ್ ಊದಿಕೊಳ್ಳುವುದಕ್ಕೆ ಇದೂ ಒಂದು ಕಾರಣ, ಮತ್ತು ನನ್ನ ದೃಷ್ಟಿಯಲ್ಲಿ ಇದು ಕೆಟ್ಟ ಪದ್ಧತಿ. ಪ್ರತಿ ತೇಪೆಯೂ ಇನ್ನೊಂದು ಪ್ರೋಗ್ರಾಮಿಗೆ ಕಾಲು ತೊಡಕಾಗುವ ಸಂಭವ ಇದ್ದೇ ಇದೆ.

ತಪ್ಪು ಹುಡುಕುವ ಗಣಿತ

ಡ್ರೈವರುಗಳಲ್ಲಿ ದೋಷ ಹೆಚ್ಚು ಎಂಬುದು ಬರೀ ಬಳಕೆದಾರರ ಗೊಣಗಾಟವಲ್ಲ. 2001ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಕರ್ನಲ್ಲಿನ ಕೋಡನ್ನು ಯಂತ್ರದಿಂದಲೇ ಜಾಲಾಡಿಸಿದಾಗ, ಕೆಲವು ಬಗೆಯ ತಪ್ಪುಗಳ ಪ್ರಮಾಣ ಡ್ರೈವರುಗಳಲ್ಲಿ ಉಳಿದ ಭಾಗಕ್ಕಿಂತ ಮೂರರಿಂದ ಏಳು ಪಟ್ಟು ಹೆಚ್ಚಿತ್ತು. 2003ರ ಇನ್ನೊಂದು ಪ್ರಬಂಧದಲ್ಲಿ ವಿಂಡೋಸ್ ಎಕ್ಸ್‌ಪಿಯ ವರದಿಯಾದ ವೈಫಲ್ಯಗಳಲ್ಲಿ ಶೇ. 85ಕ್ಕೆ ಡ್ರೈವರುಗಳು ಕಾರಣ ಎಂದು ಉಲ್ಲೇಖವಿದೆ. ಇವು ಎಲ್ಲ ಬಗೆಯ ಡ್ರೈವರುಗಳ ಮಾತು, ಬರೀ ವಿಡಿಯೊದ್ದಲ್ಲ.

ಇದಕ್ಕೆ ಮದ್ದು ಹುಡುಕಿದವರಲ್ಲಿ ಒಬ್ಬರಿಗೆ ಬೆಂಗಳೂರಿನ ನಂಟಿದೆ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಸ್ಲ್ಯಾಮ್ ಎಂಬ ಯೋಜನೆ ಕಟ್ಟಿದರು. ಡ್ರೈವರನ್ನು ಓಡಿಸದೆಯೇ, ಅದರ ಕೋಡನ್ನು ಓದಿ, 'ಬೀಗ ಹಾಕಿದ ಮೇಲೆ ತೆಗೆಯದೆ ಮತ್ತೆ ಹಾಕಬಾರದು' ಎಂಬಂಥ ನಿಯಮಗಳನ್ನು ಅದು ಯಾವುದಾದರೂ ದಾರಿಯಲ್ಲಿ ಮುರಿಯುತ್ತದೆಯೇ ಎಂದು ತರ್ಕದಿಂದ ಪರೀಕ್ಷಿಸುವ ವಿಧಾನ ಅದು. ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್ ಎಂಬ ಸಾಧನವಾಗಿ ಡ್ರೈವರ್ ಬರೆಯುವವರ ಕೈ ಸೇರಿತು. 2011ರಲ್ಲಿ ಇಬ್ಬರಿಗೂ ಈ ಕ್ಷೇತ್ರದ ಸಿಎವಿ ಪ್ರಶಸ್ತಿ ಬಂತು. ಮೈಕ್ರೋಸಾಫ್ಟ್ ಬೆಂಗಳೂರಿನಲ್ಲಿ 2005ರಲ್ಲಿ ತೆರೆದ ಸಂಶೋಧನಾಲಯವನ್ನು ರಾಜಮಣಿ ಮುಂದೆ ಮುನ್ನಡೆಸಿದರು. ಆದರೆ ಸ್ಲ್ಯಾಮ್ ಫಲಿಸಿದ್ದು ನೆಟ್‌ವರ್ಕ್, ಡಿಸ್ಕ್‌ನಂಥ ಚಿಕ್ಕ ಡ್ರೈವರುಗಳಲ್ಲಿ. ಕಂಪೈಲರನ್ನೇ ಹೊಟ್ಟೆಯಲ್ಲಿಟ್ಟುಕೊಂಡ ವಿಡಿಯೊ ಡ್ರೈವರ್ ಅದರ ಅಳವಿಗೆ ಮೀರಿದ್ದು.

ಅದಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅಲಸ್ಟೇರ್ ಡೊನಾಲ್ಡ್‌ಸನ್ ತಂಡ ಬೇರೆ ದಾರಿ ಹಿಡಿಯಿತು. ಒಂದು ಶೇಡರ್ ತೆಗೆದುಕೊಂಡು ಚಿತ್ರ ಬಿಡಿಸಬೇಕು. ಆಮೇಲೆ ಅದೇ ಶೇಡರಿಗೆ ಅರ್ಥ ಬದಲಾಗದಂತೆ ಕೋಡ್ ಸೇರಿಸಬೇಕು: ಎಂದೂ ನಡೆಯದ ಷರತ್ತಿನ ಒಳಗೆ ನಾಲ್ಕು ಸಾಲು, ಸೊನ್ನೆ ಕೂಡಿಸುವ ಒಂದು ಲೆಕ್ಕ. ಎರಡೂ ಚಿತ್ರಗಳು ಒಂದೇ ರೀತಿ ಬರಬೇಕು. ಬರದಿದ್ದರೆ, ಅಥವಾ ಎರಡನೆಯದನ್ನು ಬಿಡಿಸುವಾಗ ಯಂತ್ರ ಬಿದ್ದರೆ, ತಪ್ಪು ಡ್ರೈವರಿನೊಳಗಿನ ಕಂಪೈಲರಿನದು. ಸರಿಯಾದ ಚಿತ್ರ ಯಾವುದು ಎಂದು ಯಾರಿಗೂ ತಿಳಿದಿರಬೇಕಾದ ಅಗತ್ಯವೇ ಇಲ್ಲ, ಇದೇ ಈ ಉಪಾಯದ ಜಾಣತನ. 2017ರಲ್ಲಿ ಪ್ರಕಟವಾದ ಈ ಕೆಲಸ ಪ್ರಮುಖ ಜಿಪಿಯು ಕಂಪನಿಗಳೆಲ್ಲದರ ಡ್ರೈವರುಗಳಲ್ಲೂ ದೋಷ ತೋರಿಸಿಕೊಟ್ಟಿತು. ಅದರಿಂದ ಬೆಳೆದ ಗ್ರಾಫಿಕ್ಸ್‌ಫಜ್ ಎಂಬ ಸಂಸ್ಥೆಯನ್ನು ಗೂಗಲ್ 2018ರಲ್ಲಿ ಕೊಂಡು, ಸಾಧನವನ್ನು ಎಲ್ಲರಿಗೂ ತೆರೆದಿಟ್ಟಿತು.

ಗೂಗಲ್‌ಗೆ ಇದರಲ್ಲಿ ಸ್ವಾರ್ಥವಿದೆ. ಬ್ರೌಸರಿನೊಳಗೇ ಜಿಪಿಯು ಬಳಸಲು ಬಿಡುವ ವೆಬ್‌ಜಿಎಲ್ ಬಂದ ಮೇಲೆ ಯಾರದೋ ಜಾಲತಾಣದ ಶೇಡರ್ ನಿಮ್ಮ ಡ್ರೈವರಿನವರೆಗೆ ತಲುಪುತ್ತದೆ. ಅದಕ್ಕೇ ಕ್ರೋಮ್ ಡ್ರೈವರನ್ನು ಪ್ರತ್ಯೇಕ ಪ್ರೊಸೆಸ್‌ನಲ್ಲಿ ಇಟ್ಟಿದೆ. ಅದು ಸತ್ತರೆ ಮತ್ತೆ ಹುಟ್ಟಿಸುತ್ತದೆ, ಪದೇ ಪದೇ ಸತ್ತರೆ ಜಿಪಿಯು ಸಹವಾಸವನ್ನೇ ಬಿಡುತ್ತದೆ. ಫೈರ್‌ಫಾಕ್ಸ್ 2011ರಿಂದಲೂ ನಂಬಲಾಗದ ಡ್ರೈವರುಗಳ ಒಂದು ಕಪ್ಪುಪಟ್ಟಿ ಇಟ್ಟುಕೊಂಡಿದೆ. ಇಂಥ ಎಚ್ಚರ ಎಲ್ಲ ತಂತ್ರಾಂಶಗಳಲ್ಲೂ ಇದ್ದಿದ್ದರೆ ಈ ಅಧ್ಯಾಯದ ಅರ್ಧ ಬೇಕಾಗುತ್ತಿರಲಿಲ್ಲ.

ದೋಷ ಡ್ರೈವರಿನದೇ ಎಂದು ಖಚಿತವಾದ ಮೇಲೆ ಅದನ್ನು ತಿದ್ದುವುದು ನಿಮ್ಮಿಂದಲೂ ಆಗದು, ಅಂಗಡಿಯವರಿಂದಲೂ ಆಗದು, ಬರೆದವರೇ ತಿದ್ದಬೇಕು. ಅವರಿಗೆ ದೂರು ಕೊಡುವಾಗ 'ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ' ಎಂದರೆ ಯಾರಿಗೂ ಪ್ರಯೋಜನವಿಲ್ಲ. ಕಾರ್ಡಿನ ಹೆಸರು, ಡ್ರೈವರಿನ ಆವೃತ್ತಿ ಮತ್ತು ದಿನಾಂಕ, ಪಂಚನಾಮೆಯ ಆ ಮೂರು ಸಾಲು, ಜಿಪಿಯು ಆಫ್ ಮಾಡಿದಾಗ ಕ್ರ್ಯಾಶ್ ನಿಂತಿತೋ ಇಲ್ಲವೋ, ಹಿಂದಿನ ಯಾವ ಆವೃತ್ತಿಯಲ್ಲಿ ಸರಿಯಿತ್ತು, ಇಷ್ಟನ್ನು ಬರೆಯಿರಿ. ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ 'ಡಿಎಕ್ಸ್‌ಡಯಾಗ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಡಿಸ್‌ಪ್ಲೇ ಪುಟದಲ್ಲಿ ಆವೃತ್ತಿ ಸಿಗುತ್ತದೆ. ಎನ್‌ವಿಡಿಯಾ ಕಾರ್ಡಾದರೆ ಅಲ್ಲಿ ಕಾಣುವ ಉದ್ದ ಸಂಖ್ಯೆಯ ಕೊನೆಯ ಐದು ಅಂಕಿಗಳೇ ಕಂಪನಿ ಬಳಸುವ ಆವೃತ್ತಿ ಸಂಖ್ಯೆ, 31.0.15.3623 ಎಂದಿದ್ದರೆ ಅದು 536.23. ಡ್ರೈವರ್ ಬದಲಿಸುವ ಮುಂಚೆಯೇ ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಹಿಂದಿರುಗಬೇಕಾಗಿ ಬಂದಾಗ ಬೇಕಾಗುತ್ತದೆ.